ಜಮೀನು ಒಬ್ಬರದು, ಖನಿಜ ಇನ್ನೊಬ್ಬರದು: ಹಾಗಾದರೆ ಡೈನೋಸಾರ್ ಯಾರದು?

ಅಮೆರಿಕದ ಮೊಂಟಾನಾ ರಾಜ್ಯದ ಗಾರ್ಫೀಲ್ಡ್ ಕೌಂಟಿಯಲ್ಲಿ ಸುಮಾರು 27,000 ಎಕರೆ ಜಮೀನು 2005ರಲ್ಲಿ ಕ್ರಯವಾಯಿತು. ಕೊಂಡವರು ಮರ್ರೆ ದಂಪತಿ, ಮಾರಿದವರು ಸೆವರ್ಸನ್ ಎಂಬ ಮನೆತನದ ಅಣ್ಣತಮ್ಮಂದಿರು. ಮರ್ರೆ ದಂಪತಿಗೆ ಆ ನೆಲ ಹೊಸದಲ್ಲ. 1983ರಿಂದಲೂ ಅದನ್ನು ಗುತ್ತಿಗೆಗೆ ಪಡೆದು ಅಲ್ಲಿಯೇ ದನ ಸಾಕಿಕೊಂಡು ಬಂದವರು ಅವರು. ಕ್ರಯದ ನಂತರ ನೆಲದ ಮೇಲಿನ ಹಕ್ಕು ಪೂರ್ತಿಯಾಗಿ ಅವರದಾಯಿತು. ಆದರೆ ನೆಲದಡಿಯ ಖನಿಜ ಹಕ್ಕಿನಲ್ಲಿ ಮೂರರಲ್ಲಿ ಎರಡು ಪಾಲನ್ನು ಸೆವರ್ಸನ್ ಸಹೋದರರು ತಮ್ಮಲ್ಲೇ ಉಳಿಸಿಕೊಂಡರು. ಆ ಹಕ್ಕು ಯಾವುದರ ಮೇಲೆ ಎಂಬುದನ್ನು ಪತ್ರ ಹೀಗೆ ಹೇಳಿತ್ತು: ಜಮೀನಿನ ಒಳಗೆ, ಮೇಲೆ ಮತ್ತು ಅಡಿಯಲ್ಲಿ ಇರುವ ತೈಲ, ಅನಿಲ, ಹೈಡ್ರೋಕಾರ್ಬನ್ ಮತ್ತು ಖನಿಜಗಳು.

ಮೊಂಟಾನಾದಲ್ಲಿ ಇಂಥ ಷರತ್ತು ತೀರಾ ಸಾಮಾನ್ಯ. ಮುಂದೊಂದು ದಿನ ತೈಲ ಸಿಕ್ಕೀತು ಎಂಬ ಆಸೆಯಿಂದ ಜಮೀನು ಮಾರುವವರು ಖನಿಜದ ಪಾಲನ್ನು ಇಟ್ಟುಕೊಳ್ಳುತ್ತಾರೆ. ಆ ಪಾಲು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಂಚಿಹೋಗುತ್ತದೆ. ಸಹಿ ಹಾಕುವಾಗ ಎರಡೂ ಕಡೆಯವರ ಮನಸ್ಸಿನಲ್ಲಿ ಡೈನೋಸಾರ್ ಇರಲೇ ಇಲ್ಲ ಎಂಬುದನ್ನು ಮುಂದೆ ನ್ಯಾಯಾಲಯವೂ ದಾಖಲಿಸಿತು. ಈ ಪ್ರಕರಣದ ಕಷ್ಟವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಯಾರೂ ಯೋಚಿಸದಿದ್ದ ವಸ್ತು ಪತ್ರದ ಯಾವ ಪದದೊಳಗೆ ಸೇರುತ್ತದೆ ಎಂಬುದನ್ನು ಹದಿನೈದು ವರ್ಷಗಳ ನಂತರ ನ್ಯಾಯಾಧೀಶರು ತೀರ್ಮಾನಿಸಬೇಕಾಯಿತು.

ದಿಣ್ಣೆಯಲ್ಲಿ ಸಿಕ್ಕ ಎಲುಬು

ಗಾರ್ಫೀಲ್ಡ್ ಕೌಂಟಿಯ ಮುಖ್ಯ ಊರು ಜೋರ್ಡನ್. ಅದರ ಸುತ್ತಲಿನ ನೆಲ ಹೆಲ್ ಕ್ರೀಕ್ ಎಂಬ ಶಿಲಾಸ್ತರಕ್ಕೆ ಸೇರಿದ್ದು. ಡೈನೋಸಾರ್‌ಗಳ ಯುಗ ಕೊನೆಗೊಂಡ ಕಾಲದ, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮರಳು ಮತ್ತು ಹೂಳು ಅಲ್ಲಿ ಕಲ್ಲಾಗಿ ನಿಂತಿದೆ. ಮಳೆ, ಹಿಮ, ಗಾಳಿಗೆ ಆ ದಿಣ್ಣೆಗಳು ವರ್ಷವರ್ಷವೂ ಸವೆಯುತ್ತವೆ ಮತ್ತು ಒಳಗಿನ ಎಲುಬು ಹೊರಗೆ ಇಣುಕುತ್ತದೆ. ಟೈರನೋಸಾರಸ್ ರೆಕ್ಸ್ ಎಂಬ ಹೆಸರು ಪಡೆದ ಮೊದಲ ಅಸ್ಥಿಪಂಜರವನ್ನು ಬಾರ್ನಮ್ ಬ್ರೌನ್ 1902ರಲ್ಲಿ ಪತ್ತೆ ಮಾಡಿದ್ದು ಇದೇ ಸೀಮೆಯಲ್ಲಿ.

2006ರಲ್ಲಿ ಕ್ಲೇಟನ್ ಫಿಪ್ಸ್ ಎಂಬ ಪಳೆಯುಳಿಕೆ ಶೋಧಕರು ತಮ್ಮ ಸಂಗಡಿಗರೊಂದಿಗೆ ಮರ್ರೆ ಅವರ ಜಮೀನಿನಲ್ಲಿ ಹುಡುಕುತ್ತಿದ್ದರು. ಫಿಪ್ಸ್ ವಿಶ್ವವಿದ್ಯಾಲಯದವರಲ್ಲ. ಅದೇ ಸೀಮೆಯ ದನ ಸಾಕುವ ಕುಟುಂಬದಿಂದ ಬಂದು, ಎಲುಬು ಹುಡುಕಿ ಮಾರುವುದನ್ನೂ ಕಸುಬಾಗಿ ಮಾಡಿಕೊಂಡವರು. ದಿಣ್ಣೆಯೊಂದರಲ್ಲಿ ಕೊಂಬಿನ ಡೈನೋಸಾರ್ ಒಂದರ ಸೊಂಟದ ಭಾಗ ಹೊರಬಿದ್ದಿತ್ತು. ಅದನ್ನು ಬಿಡಿಸುತ್ತಾ ಹೋದಾಗ ಪಕ್ಕದಲ್ಲೇ ಮಾಂಸಾಹಾರಿಯೊಂದರ ಎಲುಬು ಕಾಣಿಸಿತು. ಒಂದು ಟ್ರೈಸೆರಾಟಾಪ್ಸ್, ಒಂದು ಟೈರನೋಸಾರ್ ಜಾತಿಯ ಪ್ರಾಣಿ, ಎರಡೂ ಹೆಚ್ಚುಕಡಿಮೆ ಇಡಿಯಾಗಿ, ಮೈಚರ್ಮದ ಅಚ್ಚು ಉಳಿಸಿಕೊಂಡು, ಒಂದರ ಪಕ್ಕ ಒಂದು ಮಲಗಿದ್ದವು. ಕಾದಾಡುತ್ತಲೇ ಸತ್ತವು ಎಂಬ ಕಲ್ಪನೆಯಿಂದ ಜನ ಇವನ್ನು ‘ಕಾದಾಡುವ ಡೈನೋಸಾರ್‌ಗಳು’ ಎಂದು ಕರೆಯತೊಡಗಿದರು.

ಇಂಥ ಎಲುಬನ್ನು ಹೊರತೆಗೆಯುವ ಬಗೆಯನ್ನು ಸ್ವಲ್ಪ ವಿವರಿಸಲೇಬೇಕು, ಏಕೆಂದರೆ ಅದು ಮುಂದೆ ತೀರ್ಪಿನಲ್ಲೂ ಲೆಕ್ಕಕ್ಕೆ ಬಂತು. ಮೇಲಿನ ಮಣ್ಣನ್ನು ಯಂತ್ರದಿಂದ ತೆಗೆದರೂ ಎಲುಬಿನ ಹತ್ತಿರ ಬಂದ ಮೇಲೆ ಕೆಲಸವೆಲ್ಲ ಚಾಕು, ಸೂಜಿ, ಕುಂಚಗಳದ್ದು. ಬಿರುಕು ಬಿಟ್ಟ ಕಡೆಗೆ ತೆಳುವಾದ ಅಂಟನ್ನು ಹನಿಸಿ ಗಟ್ಟಿ ಮಾಡುತ್ತಾರೆ. ಸುತ್ತಲೂ ಕಂದಕ ತೋಡಿ, ಎಲುಬು ಮತ್ತು ಅದನ್ನು ಹಿಡಿದಿರುವ ಕಲ್ಲು ಒಂದು ಪೀಠದ ಮೇಲೆ ನಿಲ್ಲುವಂತೆ ಮಾಡುತ್ತಾರೆ. ಒದ್ದೆ ಕಾಗದ ಹೊದಿಸಿ, ಅದರ ಮೇಲೆ ಪ್ಲಾಸ್ಟರ್‌ನಲ್ಲಿ ಅದ್ದಿದ ಗೋಣಿಬಟ್ಟೆಯ ಪಟ್ಟಿಗಳನ್ನು ಪದರ ಪದರವಾಗಿ ಸುತ್ತುತ್ತಾರೆ. ಒಣಗಿದ ಮೇಲೆ ಅಡಿಯಿಂದ ಕೊರೆದು, ಇಡೀ ಗಡ್ಡೆಯನ್ನು ಮಗುಚಿ, ಇನ್ನೊಂದು ಮಗ್ಗುಲಿಗೂ ಪ್ಲಾಸ್ಟರ್ ಕಟ್ಟುತ್ತಾರೆ. ಒಂದೊಂದು ಗಡ್ಡೆಯೂ ಟನ್‌ಗಟ್ಟಲೆ ತೂಗಬಹುದು. ಯಾವ ಎಲುಬು ಯಾವುದರ ಪಕ್ಕ, ಯಾವ ದಿಕ್ಕಿಗೆ, ಯಾವ ಪದರದಲ್ಲಿ ಇತ್ತು ಎಂಬ ಟಿಪ್ಪಣಿ ತಪ್ಪಿದರೆ ಉಳಿಯುವುದು ಅಲಂಕಾರದ ವಸ್ತು ಮಾತ್ರ, ವಿಜ್ಞಾನಕ್ಕೆ ಅದರಿಂದ ಸಿಗುವುದು ಅಲ್ಪ.

ಬೆಲೆ ಬಂದದ್ದು ಎಲ್ಲಿಂದ

ಎಲುಬಿಗೆ ಇಷ್ಟು ಬೆಲೆ ಬಂದ ಕಥೆ 1990ರಲ್ಲಿ ಶುರುವಾಗುತ್ತದೆ. ಸೌತ್ ಡಕೋಟಾದ ಶೆಯೆನ್ ರಿವರ್ ಮೂಲನಿವಾಸಿ ಮೀಸಲು ಪ್ರದೇಶದಲ್ಲಿ ಸೂ ಹೆಂಡ್ರಿಕ್ಸನ್ ಎಂಬ ಶೋಧಕಿ ಅತ್ಯಂತ ಪೂರ್ಣವಾದ ಒಂದು ಟಿ. ರೆಕ್ಸ್ ಅನ್ನು ಪತ್ತೆ ಮಾಡಿದರು. ಅವರಿದ್ದ ಖಾಸಗಿ ಸಂಸ್ಥೆ ಜಮೀನಿನ ಒಡೆಯನಿಗೆ 5,000 ಡಾಲರ್‌ನ ಚೆಕ್ ಕೊಟ್ಟು ಅದನ್ನು ಒಯ್ದಿತು. 1992ರಲ್ಲಿ ಎಫ್‌ಬಿಐ ಬಂದು ಜಪ್ತಿ ಮಾಡಿತು. ಆ ಜಮೀನು ಒಡೆಯನ ಪರವಾಗಿ ಕೇಂದ್ರ ಸರ್ಕಾರದ ನ್ಯಾಸದಲ್ಲಿತ್ತು. ನೆಲದೊಳಗಿನ ಪಳೆಯುಳಿಕೆಯೂ ನೆಲದ ಭಾಗವೇ, ಸರ್ಕಾರದ ಒಪ್ಪಿಗೆ ಇಲ್ಲದೆ ನೆಲವನ್ನು ಮಾರುವಂತಿಲ್ಲ, ಆದ್ದರಿಂದ ಮಾರಾಟವೇ ಅಸಿಂಧು ಎಂದಿತು ನ್ಯಾಯಾಲಯ. ಎಲುಬು ಜಮೀನಿನವನ ಪಾಲಿಗೆ ಮರಳಿತು. 1997ರಲ್ಲಿ ಹರಾಜಿಗೆ ಬಂದಾಗ ಶಿಕಾಗೊದ ಫೀಲ್ಡ್ ಮ್ಯೂಸಿಯಂ ಕಂಪನಿಗಳ ನೆರವಿನಿಂದ 83.6 ಲಕ್ಷ ಡಾಲರ್ ಕೊಟ್ಟು ಕೊಂಡಿತು.

ಆ ಸುದ್ದಿ ಬಂದ ಮೇಲೆ ಒಣನೆಲದಲ್ಲಿ ದನ ಮೇಯಿಸುವವರು ತಮ್ಮ ದಿಣ್ಣೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ಅವರನ್ನು ದೂರುವುದು ನನಗೆ ಸರಿಕಾಣುವುದಿಲ್ಲ. ಬರ, ಹಿಮ, ದನದ ಬೆಲೆಯ ಏರಿಳಿತಗಳ ನಡುವೆ ಬದುಕುವ ಕುಟುಂಬಕ್ಕೆ ಹಿತ್ತಲಿನ ದಿಣ್ಣೆಯಲ್ಲಿ ಕೋಟಿಗಳಿವೆ ಎಂದು ಗೊತ್ತಾದಾಗ ಅದನ್ನು ಸುಮ್ಮನೆ ಬಿಟ್ಟುಕೊಡಿ ಎನ್ನುವುದು ಸುಲಭವಲ್ಲ. ಅಮೆರಿಕದ ಕಾನೂನೂ ಹಾಗೆ ಕೇಳುವುದಿಲ್ಲ. ಕೇಂದ್ರ ಸರ್ಕಾರದ ನೆಲದಲ್ಲಿ ಸಿಕ್ಕಿದ್ದು ಸರ್ಕಾರದ್ದು. 2009ರ ಕಾಯ್ದೆಯಂತೆ ಅಲ್ಲಿ ಕಶೇರುಕಗಳ ಪಳೆಯುಳಿಕೆ ತೆಗೆಯಲು ಪರವಾನಗಿ ಬೇಕು. ಖಾಸಗಿ ನೆಲದಲ್ಲಿ ಸಿಕ್ಕಿದ್ದು ನೆಲದವರದು. ಮಂಗೋಲಿಯಾ, ಚೀನಾ, ಬ್ರೆಜಿಲ್ ದೇಶಗಳಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಹೀಗಿಲ್ಲ. ಅಲ್ಲಿ ಪಳೆಯುಳಿಕೆ ಸಾರ್ವಜನಿಕ ಸ್ವತ್ತು.

2013ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬಾನ್‌ಹ್ಯಾಮ್ಸ್ ಹರಾಜಿಗೆ ಕಾದಾಡುವ ಡೈನೋಸಾರ್‌ಗಳ ಜೋಡಿ ಬಂತು. ನಿರೀಕ್ಷೆ ಇದ್ದದ್ದು 70ರಿಂದ 90 ಲಕ್ಷ ಡಾಲರ್. ಕೂಗು 55 ಲಕ್ಷಕ್ಕೆ ನಿಂತಿತು. ಕನಿಷ್ಠ ಬೆಲೆ ಮುಟ್ಟದ ಕಾರಣ ಮಾರಾಟವಾಗಲಿಲ್ಲ. ಅದೇ ವರ್ಷ ಅದೇ ಜಮೀನಿನಲ್ಲಿ ಇನ್ನೊಂದು ಟಿ. ರೆಕ್ಸ್ ಸಿಕ್ಕಿತು. ಅದನ್ನು ನೆದರ್ಲೆಂಡ್ಸ್‌ನ ಲೈಡನ್ ನಗರದ ನ್ಯಾಚುರಾಲಿಸ್ ಮ್ಯೂಸಿಯಂ ಕೊಂಡಿತು. ‘ಟ್ರಿಕ್ಸ್’ ಎಂಬ ಹೆಸರಿನಲ್ಲಿ ಅದು ಈಗ ಅಲ್ಲಿದೆ. ಇಷ್ಟು ಹಣದ ಮಾತು ಬರುವಷ್ಟರಲ್ಲಿ ಖನಿಜದ ಪಾಲುದಾರರು ತಮಗೂ ಮೂರರಲ್ಲಿ ಎರಡು ಪಾಲು ಬರಬೇಕು ಎಂದು ಹಕ್ಕು ಸಾಧಿಸಿದರು. 2014ರಲ್ಲಿ ಮರ್ರೆ ದಂಪತಿ ನ್ಯಾಯಾಲಯದ ಮೆಟ್ಟಿಲೇರಿ, ಎಲುಬು ನೆಲದ ಒಡೆಯರದು ಎಂದು ಘೋಷಿಸಿ ಎಂದು ಕೇಳಿಕೊಂಡರು.

ಎಲುಬು ಖನಿಜವೇ?

ಸೆವರ್ಸನ್ನರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಕೋಟ್ಯಂತರ ವರ್ಷ ಮಣ್ಣಿನಲ್ಲಿದ್ದ ಎಲುಬು ಜೀವಂತ ಪ್ರಾಣಿಯ ಎಲುಬಾಗಿ ಉಳಿದಿರುವುದಿಲ್ಲ. ಅಂತರ್ಜಲದಲ್ಲಿ ಕರಗಿದ ಧಾತುಗಳು ಅದರ ರಂಧ್ರಗಳಲ್ಲಿ ಸೇರಿಕೊಂಡು, ಮೂಲದ ವಸ್ತು ಹರಳುಗಟ್ಟಿ ಬದಲಾಗಿರುತ್ತದೆ. ಈ ಎಲುಬುಗಳು ಹೈಡ್ರಾಕ್ಸಿಲಪಟೈಟ್, ಫ್ರಾಂಕೊಲೈಟ್‌ನಂಥ ಖನಿಜಗಳಿಂದ ಆಗಿವೆ ಎಂಬ ತಜ್ಞರ ಸಾಕ್ಷ್ಯವೂ ಇತ್ತು. ರಸಾಯನಶಾಸ್ತ್ರದ ಪ್ರಕಾರ ಖನಿಜ, ನೆಲದಡಿ ಇದೆ, ಅಪಾರ ಬೆಲೆಯೂ ಇದೆ. ಪತ್ರದಲ್ಲಿ ‘ಖನಿಜಗಳು’ ಎಂದಿದೆ. ಇನ್ನೇನು ಬೇಕು ಎಂಬುದು ಅವರ ಪ್ರಶ್ನೆ.

ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಲಯ 2016ರಲ್ಲಿ ಮರ್ರೆ ದಂಪತಿಯ ಪರ ತೀರ್ಪು ನೀಡಿತು. ಒಂದು ಪಳೆಯುಳಿಕೆಗೆ ಬೆಲೆ ಬರುವುದು ಅದರಲ್ಲಿರುವ ಖನಿಜದಿಂದಲ್ಲ, ಅದು ಯಾವ ಪ್ರಾಣಿಯದು, ಎಷ್ಟು ಪೂರ್ಣವಾಗಿದೆ, ಎಷ್ಟು ಚೆನ್ನಾಗಿ ಉಳಿದಿದೆ ಎಂಬುದರಿಂದ ಎಂಬುದು ಅದರ ತಿರುಳು. ಒಂದೇ ರಾಸಾಯನಿಕ ಸಂಯೋಜನೆಯ ಎರಡು ಎಲುಬುಗಳಲ್ಲಿ ಒಂದಕ್ಕೆ ಲಕ್ಷ ಡಾಲರ್ ಬಂದರೆ ಇನ್ನೊಂದನ್ನು ಕೇಳುವವರೇ ಇರುವುದಿಲ್ಲ.

2018ರ ನವೆಂಬರ್‌ನಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯದ ತ್ರಿಸದಸ್ಯ ಪೀಠ ಇದನ್ನು 2–1ರ ಬಹುಮತದಿಂದ ತಿರುವುಮುರುವು ಮಾಡಿತು. ಹಿಂದೆ ಟೆಕ್ಸಾಸ್‌ನ ಸುಣ್ಣದಕಲ್ಲಿನ ಪ್ರಕರಣವೊಂದರಲ್ಲಿ ಹುಟ್ಟಿ ಮೊಂಟಾನಾ ನ್ಯಾಯಾಲಯಗಳು ಒಪ್ಪಿಕೊಂಡಿದ್ದ ಒಂದು ಅಳತೆಗೋಲಿತ್ತು. ಮರಳು, ಜಲ್ಲಿ, ಕಟ್ಟಡದ ಕಲ್ಲು ಶಾಸ್ತ್ರದ ಪ್ರಕಾರ ಖನಿಜವಾದರೂ ಕ್ರಯಪತ್ರದ ಅರ್ಥದಲ್ಲಿ ಖನಿಜವಲ್ಲ. ಅಪರೂಪದ, ಅಸಾಧಾರಣ ಬೆಲೆಯ ವಸ್ತುವಾಗಿದ್ದರೆ ಮಾತ್ರ ಖನಿಜ. ಈ ಅಳತೆಯಿಂದಲೇ ರಸ್ತೆಗೆ ಹಾಕುವ ಕೆಂಪುಕಲ್ಲೂ ಮರಳುಗಲ್ಲೂ ಖನಿಜವಲ್ಲ ಎಂದು ಮೊಂಟಾನಾ ಸುಪ್ರೀಂ ಕೋರ್ಟ್ ಮೊದಲೇ ಹೇಳಿತ್ತು. ಪೀಠದ ಬಹುಮತ ಅದನ್ನೇ ಇಲ್ಲಿಗೂ ಅನ್ವಯಿಸಿತು. ಈ ಎಲುಬುಗಳು ಖನಿಜದಿಂದ ಆಗಿವೆ, ಅಪರೂಪವಾಗಿವೆ, ಆದ್ದರಿಂದ ಖನಿಜಗಳೇ.

ಈ ತರ್ಕ ಕಾಗದದ ಮೇಲೆ ಒಪ್ಪವಾಗಿ ಕಂಡರೂ ನೆಲದ ಮೇಲೆ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದರಂತೆ ಎಲುಬಿನ ಒಡೆತನ ಅದರ ಬೆಲೆಯನ್ನು ಅವಲಂಬಿಸುತ್ತದೆ. ಸಾಧಾರಣ ಸಸ್ಯಾಹಾರಿಯ ಒಡೆದ ಬೆನ್ನುಮೂಳೆ ಜಮೀನಿನವರದು, ಪೂರ್ಣ ಟಿ. ರೆಕ್ಸ್ ಖನಿಜದವರದು. ದಿಣ್ಣೆಯಿಂದ ಇಣುಕುತ್ತಿರುವ ತುಂಡು ಈ ಎರಡರಲ್ಲಿ ಯಾವುದು ಎಂಬುದು ತಿಂಗಳುಗಟ್ಟಲೆ ಅಗೆದು, ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕಲ್ಲು ಬಿಡಿಸಿದ ಮೇಲಷ್ಟೇ ತಿಳಿಯುತ್ತದೆ. ಅಗೆಯುವ ಮೊದಲು ಯಾರ ಅನುಮತಿ ಪಡೆಯಬೇಕು?

ವಿಜ್ಞಾನಿಗಳು ಮತ್ತು ಮ್ಯೂಸಿಯಂಗಳು ಗಾಬರಿಯಾದದ್ದು ಇಲ್ಲಿಯೇ. ಕಶೇರುಕ ಪ್ರಾಗ್ಜೀವಿ ವಿಜ್ಞಾನಿಗಳ ಸಂಘವೂ ಹಲವು ಮ್ಯೂಸಿಯಂಗಳೂ ನ್ಯಾಯಾಲಯಕ್ಕೆ ತಮ್ಮ ಅಭಿಪ್ರಾಯ ಸಲ್ಲಿಸಿದವು. ಜಮೀನಿನ ಒಡೆಯರು ಯಾರು ಎಂದು ತಿಳಿಯುವುದು ಸುಲಭ, ಬಾಗಿಲು ತಟ್ಟಿದರೆ ಸಾಕು. ಖನಿಜದ ಹಕ್ಕು ಮೂರು ತಲೆಮಾರಿನಲ್ಲಿ ಹಂಚಿಹೋಗಿ ಬೇರೆ ಬೇರೆ ರಾಜ್ಯಗಳಲ್ಲಿರುವ ವಾರಸುದಾರರ ಕೈಯಲ್ಲಿರುತ್ತದೆ. ಅದಕ್ಕಿಂತ ದೊಡ್ಡ ಭಯ ಹಿಂದಿನದು. ಜಮೀನಿನವರ ಅನುಮತಿಯನ್ನಷ್ಟೇ ಪಡೆದು ಒಂದು ಶತಮಾನದಿಂದ ಸಂಗ್ರಹಿಸಿದ ಎಲುಬುಗಳ ಮೇಲೆ ಈಗ ಯಾರಾದರೂ ಖನಿಜದ ಹಕ್ಕು ಹೇಳಿಕೊಂಡು ಬಂದರೆ ಗತಿಯೇನು? ಸಾಲದ್ದಕ್ಕೆ, ಖನಿಜ ತೆಗೆಯಲು ಅಗತ್ಯವಿರುವಷ್ಟು ಮೇಲಿನ ನೆಲವನ್ನು ಬಳಸುವ ಅಧಿಕಾರ ಖನಿಜದ ಹಕ್ಕುದಾರರಿಗೆ ಇರುತ್ತದೆ. ಎಲುಬು ಖನಿಜವಾದರೆ ದನ ಮೇಯುವ ಹುಲ್ಲುಗಾವಲನ್ನು ಒಡೆಯರ ಇಚ್ಛೆಗೆ ವಿರುದ್ಧವಾಗಿ ಅಗೆಯುವ ದಾರಿ ತೆರೆಯುತ್ತದೆ.

ಶತಮಾನದ ಹಿಂದೆಯೇ ಇದೇ ಪ್ರಶ್ನೆ ತಲೆಕೆಳಗಾಗಿ ಬಂದಿತ್ತು ಎಂಬುದು ಕುತೂಹಲದ ಸಂಗತಿ. ಕಾರ್ನೆಗಿ ಮ್ಯೂಸಿಯಂನ ಅರ್ಲ್ ಡಗ್ಲಸ್ 1909ರಲ್ಲಿ ಯೂಟಾದಲ್ಲಿ ಡೈನೋಸಾರ್ ಎಲುಬುಗಳ ರಾಶಿಯನ್ನೇ ಕಂಡಿದ್ದರು. ಬೇರೆಯವರು ಆ ನೆಲವನ್ನು ಆಕ್ರಮಿಸದಂತೆ ಗಣಿ ಕಾನೂನಿನಡಿ ಹಕ್ಕು ದಾಖಲಿಸಿಕೊಳ್ಳಲು ಹೊರಟರು. ಪಳೆಯುಳಿಕೆ ಗಣಿ ಕಾನೂನಿನ ಅರ್ಥದಲ್ಲಿ ಖನಿಜವಲ್ಲ ಎಂದು ಆಂತರಿಕ ವ್ಯವಹಾರಗಳ ಇಲಾಖೆ 1915ರಲ್ಲಿ ಅದನ್ನು ತಿರಸ್ಕರಿಸಿತು. ಅದೇ ವರ್ಷ ಅಧ್ಯಕ್ಷ ವುಡ್ರೊ ವಿಲ್ಸನ್ ಆ ಜಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಪೀಠದ ತೀರ್ಪು ಬಂದ ಕೆಲವೇ ತಿಂಗಳಲ್ಲಿ, 2019ರಲ್ಲಿ, ಮೊಂಟಾನಾ ಶಾಸನಸಭೆ ಪಳೆಯುಳಿಕೆ ಖನಿಜವಲ್ಲ, ಅದು ನೆಲದ ಮೇಲಿನ ಹಕ್ಕಿನ ಭಾಗ ಎಂದು ಅವಿರೋಧವಾಗಿ ಕಾಯ್ದೆ ಮಾಡಿತು. ಆದರೆ ಆಗಲೇ ನಡೆಯುತ್ತಿದ್ದ ಮೊಕದ್ದಮೆಗೆ ಅದು ಅನ್ವಯವಾಗುವಂತಿರಲಿಲ್ಲ. ಇತ್ತ ಮೇಲ್ಮನವಿ ನ್ಯಾಯಾಲಯ ಪ್ರಕರಣವನ್ನು ವಿಸ್ತೃತ ಪೀಠದ ಮುಂದೆ ಮತ್ತೆ ಕೇಳಲು ಒಪ್ಪಿ, ಇದು ರಾಜ್ಯದ ಆಸ್ತಿ ಕಾನೂನಿನ ಪ್ರಶ್ನೆಯಾದ್ದರಿಂದ ಉತ್ತರ ಕೊಡಿ ಎಂದು ಮೊಂಟಾನಾ ಸುಪ್ರೀಂ ಕೋರ್ಟಿಗೇ ಕಳುಹಿಸಿತು.

ಉತ್ತರ 2020ರ ಮೇ 20ರಂದು ಬಂತು, ಅದೂ 4–3ರ ಅಂತರದಲ್ಲಿ. ಪತ್ರದಲ್ಲಿ ‘ಖನಿಜ’ ಒಂಟಿಯಾಗಿ ಬಂದಿಲ್ಲ, ತೈಲ, ಅನಿಲ, ಹೈಡ್ರೋಕಾರ್ಬನ್‌ಗಳ ಸಾಲಿನಲ್ಲಿ ಬಂದಿದೆ; ಆ ಸಾಲು ಸೂಚಿಸುವುದು ಸಂಸ್ಕರಿಸಿ ಬಳಸುವ, ತನ್ನ ಸಂಯೋಜನೆಯಿಂದಲೇ ಬೆಲೆ ಪಡೆಯುವ ವಸ್ತುಗಳನ್ನು. ಡೈನೋಸಾರ್ ಎಲುಬನ್ನು ಯಾರೂ ಅದರಲ್ಲಿನ ಫಾಸ್ಫೇಟ್‌ಗಾಗಿ ಕೊಳ್ಳುವುದಿಲ್ಲ. ಅದನ್ನು ಹೊರತೆಗೆಯುವ ಬಗೆಯೂ ಗಣಿಗಾರಿಕೆಯದ್ದಲ್ಲ, ಕುಂಚ ಮತ್ತು ಪ್ಲಾಸ್ಟರ್‌ನದ್ದು. ಆದ್ದರಿಂದ ಸಹಜ ಅರ್ಥದಲ್ಲಿ ಅದು ಖನಿಜವಲ್ಲ. ಜೂನ್‌ನಲ್ಲಿ ವಿಸ್ತೃತ ಪೀಠ ಇದನ್ನೇ ಅನುಸರಿಸಿ 2016ರ ತೀರ್ಪನ್ನು ಎತ್ತಿಹಿಡಿಯಿತು. ಮರ್ರೆ ದಂಪತಿ ಗೆದ್ದರು.

ನಮ್ಮ ಕಡೆಗೆ ತಿರುಗಿಸಿ ನೋಡಿದರೆ

ಕರ್ನಾಟಕದ ಓದುಗರಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 70ನೇ ಕಲಂ ಗಣಿ ಮತ್ತು ಖನಿಜಗಳ ಹಕ್ಕು ಸರ್ಕಾರದ್ದು ಎನ್ನುತ್ತದೆ. ಕೇರಳದ ಮಲಬಾರ್ ಭೂಮಾಲೀಕರ ಪ್ರಕರಣದಲ್ಲಿ 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಕಾನೂನಿನ ಮೂಲಕ ಕಿತ್ತುಕೊಳ್ಳದ ಹೊರತು ನೆಲದಡಿಯ ಸಂಪತ್ತೂ ನೆಲದ ಒಡೆಯನದೇ ಎಂದಿತು. ಎಂದರೆ ಅಲ್ಲಿ ಎರಡು ಖಾಸಗಿ ಕುಟುಂಬಗಳ ನಡುವೆ ನಿಂತ ಪ್ರಶ್ನೆ ಇಲ್ಲಿ ರೈತ ಮತ್ತು ಸರ್ಕಾರದ ನಡುವೆ ನಿಲ್ಲುತ್ತದೆ. ಮನೆಯ ಪಾಯ ತೋಡುವಾಗ ಚಿನ್ನ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಅದಕ್ಕೆ ನಿಧಿ ಕಾಯ್ದೆ ಇದೆ ಎಂದು ಹಳ್ಳಿಯವರಿಗೂ ಗೊತ್ತು. ಎಲುಬು ಸಿಕ್ಕರೆ? ಪಳೆಯುಳಿಕೆಗಳನ್ನೂ ಒಳಗೊಳ್ಳುವ ಭೂಪರಂಪರೆಯ ಕರಡು ಮಸೂದೆಯೊಂದನ್ನು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಹೊರಡಿಸಿತ್ತು. ಸಿಕ್ಕಿದ್ದನ್ನು ಒಪ್ಪಿಸಿದ ರೈತನಿಗೆ ನ್ಯಾಯವಾದ ಪರಿಹಾರ ಕೊಡದ ಯಾವ ಕಾನೂನೂ ಎಲುಬನ್ನು ಉಳಿಸಲಾರದು ಎಂದು ನಾನು ನಂಬುತ್ತೇನೆ. ಪರಿಹಾರವಿಲ್ಲದ ಕಡೆ ಎಲುಬು ಜಲ್ಲಿ ಯಂತ್ರಕ್ಕೋ ಕಳ್ಳಸಾಗಣೆಗೋ ಹೋಗುತ್ತದೆ.

ಗೆಲುವಿನಿಂದ ವಿಜ್ಞಾನಕ್ಕೆ ದಕ್ಕಿದ್ದು

ಮೊಕದ್ದಮೆಯ ವರ್ಷಗಳಲ್ಲಿ ಈ ಜೋಡಿ ಪ್ಲಾಸ್ಟರ್ ಗಡ್ಡೆಗಳಲ್ಲೇ ಉಳಿದಿತ್ತು. ಒಡೆತನ ಸ್ಪಷ್ಟವಿಲ್ಲದ ವಸ್ತುವನ್ನು ಯಾವ ಮ್ಯೂಸಿಯಂ ಕೊಂಡೀತು? ಸಾರ್ವಜನಿಕ ಸಂಗ್ರಹದಲ್ಲಿ ಇಲ್ಲದ ಎಲುಬಿನ ಬಗ್ಗೆ ಬರೆದ ಪ್ರಬಂಧವನ್ನು ಒಳ್ಳೆಯ ಪತ್ರಿಕೆಗಳು ಪ್ರಕಟಿಸಲು ಒಪ್ಪುವುದಿಲ್ಲ, ಏಕೆಂದರೆ ನಾಳೆ ಇನ್ನೊಬ್ಬ ವಿಜ್ಞಾನಿ ಅದೇ ಎಲುಬನ್ನು ನೋಡಿ ಪರೀಕ್ಷಿಸುವ ಖಾತರಿ ಇರುವುದಿಲ್ಲ. ತೀರ್ಪು ಬಂದ ಕೆಲವೇ ತಿಂಗಳಲ್ಲಿ, 2020ರ ನವೆಂಬರ್‌ನಲ್ಲಿ, ನಾರ್ತ್ ಕೆರೊಲಿನಾದ ರಾಲಿ ನಗರದ ಪ್ರಕೃತಿ ವಿಜ್ಞಾನ ಮ್ಯೂಸಿಯಂಗಾಗಿ ಅದರ ಬೆಂಬಲಿಗರ ಸಂಘ ಸುಮಾರು 60 ಲಕ್ಷ ಡಾಲರ್ ಕೂಡಿಸಿ ಇದನ್ನು ಕೊಂಡಿತು. 2024ರಲ್ಲಿ ಅಲ್ಲಿ ತೆರೆದ ಪ್ರಯೋಗಾಲಯದಲ್ಲಿ ತಂತ್ರಜ್ಞರು ಕಲ್ಲು ಬಿಡಿಸುವುದನ್ನು ಜನ ಎದುರಿಗೇ ನಿಂತು ನೋಡಬಹುದು.

2025ರ ಅಕ್ಟೋಬರ್‌ನಲ್ಲಿ ಲಿಂಡ್ಸೆ ಝಾನೊ ಮತ್ತು ಜೇಮ್ಸ್ ನಪೋಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ದಶಕಗಳ ಜಗಳವೊಂದಕ್ಕೆ ಹೊಸ ತಿರುವು ಕೊಟ್ಟಿತು. 1942ರಲ್ಲಿ ಮೊಂಟಾನಾದಲ್ಲೇ ಸಿಕ್ಕ ಒಂದು ಚಿಕ್ಕ ತಲೆಬುರುಡೆಗೆ 1988ರಲ್ಲಿ ನ್ಯಾನೋಟೈರನಸ್ ಎಂದು ಹೆಸರಿಟ್ಟಿದ್ದರು. ಬಹಳ ಮಂದಿ ವಿಜ್ಞಾನಿಗಳು ಅದು ಬೇರೆ ಪ್ರಾಣಿಯಲ್ಲ, ಟಿ. ರೆಕ್ಸ್‌ನ ಮರಿ ಅಷ್ಟೇ ಎನ್ನುತ್ತಿದ್ದರು. ಮರ್ರೆ ಜಮೀನಿನ ಟೈರನೋಸಾರ್‌ನ ಎಲುಬಿನೊಳಗಿನ ಬೆಳವಣಿಗೆಯ ಉಂಗುರಗಳನ್ನೂ ಬೆಸೆದುಕೊಂಡ ಬೆನ್ನುಮೂಳೆಗಳನ್ನೂ ಪರೀಕ್ಷಿಸಿ, ಇದು ಸಾಯುವಾಗ ಸುಮಾರು ಇಪ್ಪತ್ತು ವರ್ಷದ, ಬೆಳವಣಿಗೆ ಮುಗಿಸಿದ ಪ್ರಾಣಿ ಎಂದು ಅವರು ತೋರಿಸಿದರು. ಮುಂಗೈ ಟಿ. ರೆಕ್ಸ್‌ನದಕ್ಕಿಂತ ದೊಡ್ಡದು, ಹಲ್ಲುಗಳು ಹೆಚ್ಚು, ಬಾಲದ ಮೂಳೆಗಳು ಕಡಿಮೆ. ಮರಿ ದೊಡ್ಡದಾದಂತೆ ಕೈ ಚಿಕ್ಕದಾಗುವುದಿಲ್ಲ. ಇದು ನ್ಯಾನೋಟೈರನಸ್ಸೇ ಎಂಬುದು ಅವರ ತೀರ್ಮಾನ. ನ್ಯಾನೋಟೈರನಸ್ ಎಂದು ಒಪ್ಪಿದರೆ, ಇಂಥ ಎಲುಬುಗಳನ್ನು ಮರಿಗಳೆಂದು ಎಣಿಸಿ ಟಿ. ರೆಕ್ಸ್‌ನ ಬೆಳವಣಿಗೆಯ ಬಗ್ಗೆ ಬರೆದ ಎಷ್ಟೋ ಪ್ರಬಂಧಗಳನ್ನು ಮತ್ತೆ ತೂಗಿ ನೋಡಬೇಕಾಗುತ್ತದೆ.

ಹೀಗಿದ್ದರೂ ಈ ಪ್ರಕರಣವನ್ನು ವಿಜ್ಞಾನದ ಗೆಲುವು ಎಂದು ಕರೆಯಲು ನನಗೆ ಮನಸ್ಸಿಲ್ಲ. ತೀರ್ಪು ಹೇಳಿದ್ದು ಎಲುಬು ನೆಲದವರದು ಎಂದಷ್ಟೇ. ಅವರು ಅದನ್ನು ಯಾವ ಶ್ರೀಮಂತನ ಬೈಠಕ್‌ಖಾನೆಗೆ ಮಾರಿದ್ದರೂ ಕಾನೂನು ತಡೆಯುತ್ತಿರಲಿಲ್ಲ. 2013ರ ಹರಾಜಿನಲ್ಲಿ ಇನ್ನೊಂದೆರಡು ಕೂಗು ಹೆಚ್ಚು ಬಂದಿದ್ದರೆ ನ್ಯಾನೋಟೈರನಸ್ ಬಗ್ಗೆ ಮೇಲಿನ ಮಾತನ್ನು ಯಾರೂ ಬರೆಯಲಾಗುತ್ತಿರಲಿಲ್ಲವೇನೋ. ಆ ಕಾಲದ ಬೆಲೆಗಳೂ ಈಗ ಹಳೆಯವು. 2020ರಲ್ಲಿ ‘ಸ್ಟ್ಯಾನ್’ ಎಂಬ ಟಿ. ರೆಕ್ಸ್ 3.18 ಕೋಟಿ ಡಾಲರ್‌ಗೆ, 2024ರಲ್ಲಿ ‘ಏಪೆಕ್ಸ್’ ಎಂಬ ಸ್ಟೆಗೋಸಾರಸ್ 4.46 ಕೋಟಿ ಡಾಲರ್‌ಗೆ ಹರಾಜಾದವು. ಬೆಂಬಲಿಗರ ದೇಣಿಗೆಯಿಂದ ನಡೆಯುವ ಮ್ಯೂಸಿಯಂಗಳಿಗೆ ಆ ಮೊತ್ತ ನಿಲುಕುವುದಿಲ್ಲ.

ಮೊಂಟಾನಾದ ತೀರ್ಪು ಮತ್ತು ಕಾಯ್ದೆ ಮೊಂಟಾನಾಕ್ಕಷ್ಟೇ ಅನ್ವಯಿಸುತ್ತವೆ. ಉಳಿದ ರಾಜ್ಯಗಳಲ್ಲಿ ಪಳೆಯುಳಿಕೆ ತೆಗೆಯಲು ಹೋಗುವ ತಂಡಗಳು ಜಮೀನಿನವರ ಅನುಮತಿಯ ಜೊತೆಗೆ ಖನಿಜ ಹಕ್ಕಿನ ಪತ್ರವನ್ನೂ ತರಿಸಿಕೊಂಡು ಓದುವುದು ಒಳ್ಳೆಯದು. ರಾಲಿಯಲ್ಲಿ ಕಲ್ಲು ಬಿಡಿಸುವ ಕೆಲಸ ಸಾಗಿದೆ. ಟ್ರೈಸೆರಾಟಾಪ್ಸ್‌ನ ಪೂರ್ಣ ಅಧ್ಯಯನ ಇನ್ನು ಆಗಬೇಕು. ಎರಡೂ ನಿಜವಾಗಿ ಕಾದಾಡಿ ಸತ್ತವೇ, ಅಥವಾ ಬೇರೆ ಬೇರೆ ಕಾರಣಗಳಿಂದ ಸತ್ತು ಒಂದೇ ಹೂಳಿನಲ್ಲಿ ಮುಚ್ಚಿಹೋದವೇ ಎಂಬುದನ್ನು ಅದರ ಮೈಮೇಲಿನ ಗುರುತುಗಳು ಹೇಳಬೇಕಾಗಿದೆ.